ಐರಿಷ್ ಕೊಳಲಿನಲ್ಲಿ ರೋಲ್ ಹಾಕಿದರೆ ಗಮಕದ ಹಾಗೆ ಕೇಳಿಸುವುದೇಕೆ?

ಸರ್, ಕರ್ನಾಟಕ ಸಂಗೀತದ ಕೊಳಲು ಬರುತ್ತದೆ, ಆದರೆ ಐರಿಷ್ ಕೊಳಲಿನಲ್ಲಿ ರೋಲ್ ಹಾಕಿದರೆ ಗಮಕದ ಹಾಗೇ ಕೇಳಿಸುತ್ತದೆ, ಯಾರ ಶೈಲಿ ಹಿಡಿಯಲಿ ಅಂತ ಕೇಳಿದ್ದೀರಿ. ಶೈಲಿ ಆಮೇಲೆ ನೋಡೋಣ, ಮೊದಲು ಬೆರಳು ಸರಿ ಮಾಡಿಕೊಳ್ಳಿ. ರೋಲ್ ಅಂದರೆ ಹಿಡಿದ ಒಂದೇ ಸ್ವರವನ್ನು ಕಟ್, ಟ್ಯಾಪ್ ಎಂಬ ಎರಡು ಬೆರಳಿನ ಚಲನೆಗಳಿಂದ ಒಡೆಯುವುದು.

ನಮ್ಮ ಗಮಕದಲ್ಲಿ ಸ್ವರ ಜಾರುವುದು, ಅಲುಗುವುದು ಕಿವಿಗೆ ಬೀಳಬೇಕು. ಅದೇ ಅದರ ಸೊಗಸು ಅಲ್ವಾ. ಕಟ್‌ನಲ್ಲಿ ಅದು ಬೀಳಲೇಬಾರದು. ಮೇಲಿನ ಒಂದು ಬೆರಳು ಎತ್ತಿ ತಕ್ಷಣ ಇಟ್ಟುಬಿಡುತ್ತೀರಿ, ಯಾವ ಸ್ವರ ಬಂದು ಹೋಯಿತು ಅಂತ ಕೇಳುವವರಿಗೆ ಗೊತ್ತಾಗುವುದಿಲ್ಲ, ಚಿಟಿಕೆ ಹೊಡೆದಷ್ಟು ಸದ್ದು ಬಂದರೆ ಸಾಕು. ಟ್ಯಾಪ್ ಇದರ ಉಲ್ಟಾ. ಕೆಳಗಿನ ತೂತಿಗೆ ಬೆರಳು ಬಡಿದು ಹಾಗೇ ಪುಟಿದು ಮೇಲೆ ಬರಬೇಕು.

ಡಿ ಕೊಳಲಿನಲ್ಲಿ, ಅಂದರೆ ಆರೂ ತೂತು ಮುಚ್ಚಿದರೆ ಪಾಶ್ಚಾತ್ಯ ಸ್ವರ 'ಡಿ' ಬರುವ ಕೊಳಲಿನಲ್ಲಿ, ಮೇಲಿನ ಐದು ತೂತು ಮುಚ್ಚಿ 'ಇ' ಹಿಡಿಯಿರಿ. ಮನಸ್ಸಿನಲ್ಲೇ ತಕಿಟ ಹೇಳಿಕೊಳ್ಳಿ. 'ತ'ಗೆ ಸುಮ್ನೆ ಸ್ವರ. 'ಕಿ'ಗೆ ಎಡಗೈ ಉಂಗುರ ಬೆರಳಿನ ಕಟ್. 'ಟ'ಗೆ ಕೊನೆಯ ತೂತಿನ ಮೇಲೆ ಬಲಗೈ ಉಂಗುರ ಬೆರಳಿನ ಟ್ಯಾಪ್. ನಡುವೆ ಉಸಿರು ಕಡಿಯಬಾರದು. ಲಾಂಗ್ ರೋಲ್ ಅಂದರೆ ಇಷ್ಟೇ. ಜಿಗ್ ಎಂಬ ಐರಿಷ್ ಕುಣಿತದ ಧಾಟಿ ಅಂದರೆ ಎರಡೆರಡು ತಕಿಟ, ಹಾಗಾಗಿ ನಿಮಗೆ ಸಲೀಸಾಗಿ ಕೂರುತ್ತದೆ. ಶಾರ್ಟ್ ರೋಲ್‌ನಲ್ಲಿ ಆ ಮೊದಲ ಬರೀ ಸ್ವರ ಇರುವುದಿಲ್ಲ, ಕಟ್‌ನಿಂದಲೇ ಶುರು. ಲಯ ಎಷ್ಟು ನಿಧಾನ ಬೇಕಾದರೂ ಇರಲಿ, ಬೆರಳು ಮಾತ್ರ ನಿಧಾನ ಆಗಕೂಡದು. ನಿಮ್ಮ ರೋಲ್ ಗಮಕದ ಹಾಗೆ ಕೇಳಿಸುತ್ತಿರುವುದು ಬಹುಶಃ ಬೆರಳು ನಿಧಾನ ಆಗುತ್ತಿರುವುದಕ್ಕೇ.

ಕೆಳಗಿನ 'ಡಿ'ಗೆ ಈ ರೋಲ್ ಆಗುವುದಿಲ್ಲ. ಆರೂ ತೂತು ಮುಚ್ಚಿರುತ್ತವೆ, ಟ್ಯಾಪ್ ಮಾಡಲು ಜಾಗವೇ ಇಲ್ಲ. ಅಲ್ಲಿ ಬೇರೆ ಬೇರೆ ಬೆರಳಿನ ಕಟ್‌ಗಳನ್ನು ಒಂದರ ಹಿಂದೊಂದು ಹಾಕುತ್ತಾರೆ, ಅದಕ್ಕೆ ಕ್ರಾನ್ ಅಂತಾರೆ. ಇಲಿಯನ್ ಪೈಪ್ಸ್ ಎಂಬ ಐರಿಷ್ ಚೀಲವಾದ್ಯದಿಂದ ಬಂದದ್ದು. ಐರಿಷ್ ಕೊಳಲುಗಾರ ಮ್ಯಾಟ್ ಮೊಲಾಯ್ ನುಡಿಸುವ ಕ್ರಾನ್ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಐರ್ಲೆಂಡಿನ ರಾಸ್‌ಕಾಮನ್ ಕಡೆಯವರು, 1979ರಲ್ಲಿ ಚೀಫ್‌ಟನ್ಸ್ ಎಂಬ ಐರಿಷ್ ಸಂಗೀತ ತಂಡ ಸೇರಿದವರು. ಹೊಸಬರು ನೇರ ಅವರ ಹಿಂದೆ ಹೋಗಿ ಸ್ವರಕ್ಕೊಂದು ರೋಲ್ ತುರುಕುತ್ತಾರೆ, ಹಾಡಿನ ನಡಿಗೆಯೇ ಹಾಳಾಗುತ್ತದೆ.

ನೀವು ಮೊದಲು ಐರ್ಲೆಂಡಿನ ಲೀಟ್ರಿಮ್‌ನ ಕೊಳಲುಗಾರ ಜಾನ್ ಮೆಕೆನ್ನಾ ಅವರನ್ನು ಕೇಳಿ. 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡಿದ ರೆಕಾರ್ಡಿಂಗ್‌ಗಳು ಈಗಲೂ ಸಿಗುತ್ತವೆ. ರೋಲ್ ಕಮ್ಮಿ, ಉಸಿರಿನ ಒತ್ತು ಜಾಸ್ತಿ. ಇವತ್ತಿನವರಲ್ಲಿ ಆ ಉಸಿರಿನ ಜೋರು ಬೇಕೆಂದರೆ ಕಾರ್ಕ್‌ನ ಕೋನಲ್ ಓ ಗ್ರಾಡಾ, ಬೆಲ್‌ಫಾಸ್ಟ್‌ನ ಹ್ಯಾರಿ ಬ್ರಾಡ್ಲಿ ಇದ್ದಾರೆ. ಈ ಉಸಿರಿನ ಒತ್ತು ನಮ್ಮ ತುತ್ತುಕಾರದ ಹಾಗೆ ನಾಲಿಗೆಯ ಕೆಲಸ ಅಲ್ಲ. ಮೆಲ್ಲಗೆ ಕೆಮ್ಮುವಾಗ ಗಂಟಲು ಹೇಗೆ ಮುಚ್ಚಿ ತೆರೆಯುತ್ತದೋ ಅಲ್ಲಿಂದ ಬರುತ್ತದೆ, ಹಿಡಿತ ಸಿಗಲು ತಿಂಗಳುಗಟ್ಟಲೆ ಬೇಕು.

ಉಸಿರು ತೆಗೆದುಕೊಳ್ಳುವುದೂ ಶೈಲಿಯೇ. ರೋಲ್ ಬರುವ ಕಡೆ ಒಮ್ಮೊಮ್ಮೆ ರೋಲ್ ಬಿಡಿ, 'ತಕಿ'ವರೆಗೆ ಸ್ವರ ಎಳೆದು 'ಟ' ಜಾಗದಲ್ಲಿ ಉಸಿರು ಎಳೆದುಕೊಳ್ಳಿ. ತಾಳ ತಪ್ಪುವುದಿಲ್ಲ, ಮುಂದಿನ ಸ್ವರಕ್ಕೆ ಬಲವೂ ಬರುತ್ತದೆ.

ಒಂದು ಸುಲಭದ ಜಿಗ್ ಆರಿಸಿಕೊಂಡು ಮೊದಲು ಒಂದೂ ರೋಲ್ ಇಲ್ಲದೆ, ಬರೀ ಕಟ್ ಮತ್ತು ಉಸಿರಿನಲ್ಲಿ ನುಡಿಸಿ. ಕೇಳುವವರ ಕಾಲು ತಾನಾಗಿ ತಾಳ ಹಾಕುವಂತಾದ ಮೇಲೆ ಸಾಲಿಗೊಂದು ರೋಲ್ ಸೇರಿಸಿ.