ಸಮರಾಭ್ಯಾಸದಲ್ಲಿ ನಿಜವಾದ ಗುಂಡು ಹಾರಿಸದೆ ಯಾರು ‘ಸತ್ತರು’ ಎಂದು ತಿಳಿಯುವುದು ಹೇಗೆ?

ಲೇಸರ್‌ನಿಂದ. ಅಮೆರಿಕದ ಸೇನೆ 1980ರ ದಶಕದಿಂದ ಬಳಸುತ್ತಿರುವ ‘ಮೈಲ್ಸ್’ ವ್ಯವಸ್ಥೆಯನ್ನೇ ನೋಡಿ. ರೈಫಲ್‌ನ ನಳಿಕೆಗೆ ಪುಟ್ಟ ಲೇಸರ್ ಪೆಟ್ಟಿಗೆ ಕಟ್ಟಿರುತ್ತಾರೆ. ಸೀಸವಿಲ್ಲದ ಖಾಲಿ ತೋಟಾ ಸಿಡಿದೊಡನೆ ಅದರಿಂದ ಕಣ್ಣಿಗೆ ಕಾಣದ ಕಿರಣ ಹೊಮ್ಮುತ್ತದೆ. ಎದುರಾಳಿಯ ಹೆಲ್ಮೆಟ್ಟಿನಲ್ಲೋ ಎದೆಪಟ್ಟಿಯಲ್ಲೋ ಇರುವ ಸೆನ್ಸರ್‌ಗೆ ತಗುಲಿತೋ, ಅವನ ಮೈಮೇಲಿನ ಸಾಧನ ಕೂಗತೊಡಗುತ್ತದೆ. ಯಾವ ಆಯುಧದ ಹೊಡೆತ ಎಂಬ ಸಂಕೇತವೂ ಕಿರಣದಲ್ಲೇ ಇರುತ್ತದೆ. ಹಾಗಾಗಿ ರೈಫಲ್‌ನಿಂದ ಟ್ಯಾಂಕ್ ‘ಸಾಯುವುದಿಲ್ಲ’.

ನನಗೆ ತುಂಬಾ ಇಷ್ಟವಾದ ಜಾಣತನ ಬೇರೆಯದೇ. ಹಳೆಯ ಮೈಲ್ಸ್‌ನಲ್ಲಿ ಆ ಕಿರುಚಾಟ ನಿಲ್ಲಿಸಲು ಸೈನಿಕ ತನ್ನದೇ ಲೇಸರ್ ಪೆಟ್ಟಿಗೆಯ ಕೀಲಿ ಕಿತ್ತು ಎದೆಪಟ್ಟಿಗೆ ಹಾಕಬೇಕಿತ್ತು. ಕೀಲಿ ಹೋದರೆ ಲೇಸರ್ ಬಂದ್. ‘ನನಗೆ ತಾಗಲೇ ಇಲ್ಲ’ ಎಂದು ಜಗಳ ತೆಗೆಯುವಂತಿಲ್ಲ! (ನಮ್ಮ ಕಳ್ಳ-ಪೊಲೀಸ್ ಆಟಕ್ಕೂ ಇಂಥದ್ದೊಂದು ಬೇಕಿತ್ತು.)

ಕೊರತೆಯೂ ಇದೆ: ಗುಂಡು ಪೊದೆ ಸೀಳಿಕೊಂಡು ಹೋಗುತ್ತದೆ, ಲೇಸರ್ ಎಲೆಗೇ ನಿಂತುಬಿಡುತ್ತದೆ.

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿರುವ ಫೋರ್ಟ್ ಅರ್ವಿನ್ ಎಂಬ ಸೇನಾ ತರಬೇತಿ ನೆಲೆಯಲ್ಲಿ ವಾಹನಗಳ ಜಾಗ, ಹೊಡೆತಗಳ ದಾಖಲೆ ಎಲ್ಲವೂ ರೇಡಿಯೊ ಮೂಲಕ ಕೇಂದ್ರಕ್ಕೆ ಹೋಗುತ್ತದೆ. ಆಮೇಲೆ ಅಧಿಕಾರಿಗಳನ್ನು ಕೂರಿಸಿಕೊಂಡು, ಎಲ್ಲಿ ಎಡವಿದರು ಎಂದು ತೋರಿಸುತ್ತಾರೆ.