ಮಳೆಗಾಲದಲ್ಲಿ ಎಎಫ್‌ಎಂ: ಮೆದು ಕ್ಯಾಂಟಿಲಿವರ್ ಹಾಕಿದರೆ ಸಾಕೇ?

ಪ್ರಶ್ನೆ: ಪಾಲಿಮರ್ ಪದರಗಳನ್ನು ನೋಡುವ ನಮ್ಮ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಅಂದರೆ ಚೂಪು ಮೊನೆಯಿಂದ (ಟಿಪ್) ಮೇಲ್ಮೈ ತಡವಿ ಚಿತ್ರ ತೆಗೆಯುವ ಎಎಫ್‌ಎಂಗೆ ಸಂವೇದನೆ ಹೆಚ್ಚಲೆಂದು ಸ್ಪ್ರಿಂಗ್ ಸ್ಥಿರಾಂಕ (ಇಷ್ಟು ಬಾಗಲು ಇಷ್ಟು ಬಲ ಎಂಬ ಅಳತೆ) ಮೀಟರಿಗೆ 0.1 ನ್ಯೂಟನ್ ಇರುವ ಮೆದು ಕ್ಯಾಂಟಿಲಿವರ್ (ಟಿಪ್ ಹೊತ್ತ ಪುಟ್ಟ ಬಾಗುವ ಪಟ್ಟಿ) ಹಾಕಿದೆವು. ಆರಿದ್ರಾ ಮಳೆ ಹಿಡಿದ ಮೇಲೆ ಟಿಪ್ ಸ್ಯಾಂಪಲ್ಲಿಗೆ ಅಂಟಿಕೊಂಡು ಚಿತ್ರದ ತುಂಬ ಗೀರು. ಇನ್ನೂ ಮೆದುವಾದದ್ದು ತರಿಸಬೇಕೇ?
– ಸಂಶೋಧನಾ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಬೇಡ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಸ್ಯಾಂಪಲ್ ಮೇಲೆ ನೀರಿನ ತೆಳುಪೊರೆ ಕೂರುತ್ತದೆ. ಟಿಪ್ ತಾಗಿದ ಕೂಡಲೇ ಆ ನೀರು ಅದರ ಸುತ್ತ ಮೇಲೇರಿ ಹಿಡಿದುಕೊಳ್ಳುತ್ತದೆ. ಹಿಡಿತ 20 ನ್ಯಾನೊನ್ಯೂಟನ್ ಇದ್ದರೂ ನಿಮ್ಮ ಕ್ಯಾಂಟಿಲಿವರ್ 200 ನ್ಯಾನೊಮೀಟರ್ ಬಾಗಿದ ಮೇಲಷ್ಟೇ ಬಿಡಿಸಿಕೊಳ್ಳುತ್ತದೆ. ಮೀಟರಿಗೆ 40 ನ್ಯೂಟನ್ನಿನದಕ್ಕೆ ಅರ್ಧ ನ್ಯಾನೊಮೀಟರ್ ಸಾಕು. ಸದ್ಯಕ್ಕೆ ಇದನ್ನೇ ಹಾಕಿ, ಟ್ಯಾಪಿಂಗ್ ಮೋಡಿನಲ್ಲಿ (ಟಿಪ್ ಕಂಪಿಸುತ್ತ ಮೇಲ್ಮೈಯನ್ನು ತಟ್ಟಿ ತಟ್ಟಿ ಹೋಗುವ ವಿಧಾನ) 20 ನ್ಯಾನೊಮೀಟರ್ ಕಂಪನವಿಸ್ತಾರ ಇಟ್ಟು ನೋಡಿ. ಮುಚ್ಚಳದೊಳಗೆ ಒಣ ನೈಟ್ರೋಜನ್ ಬಿಡಿ. ಸ್ಕ್ಯಾನ್ ಶುರುವಾದಾಗ ಹರಿವು ತಗ್ಗಿಸಿ, ಇಲ್ಲದಿದ್ದರೆ ಆ ಹರಿವೇ ಕ್ಯಾಂಟಿಲಿವರನ್ನು ಅಲುಗಿಸುತ್ತದೆ.

ಸಂವೇದನೆಯ ವಿಚಾರಕ್ಕೆ ಬಂದರೆ, ಮೆದುವಾದಷ್ಟೂ ಶಾಖದ ನಡುಕವೂ ಹೆಚ್ಚು. ನಿಮ್ಮದು ಕೋಣೆಯ ಉಷ್ಣತೆಯಲ್ಲೇ ಸುಮಾರು 0.2 ನ್ಯಾನೊಮೀಟರ್ ನಡುಗುತ್ತಿರುತ್ತದೆ. ಸ್ಪ್ರಿಂಗ್ ಸ್ಥಿರಾಂಕವನ್ನು ಅನುರಣನ ಆವೃತ್ತಿ (ಕ್ಯಾಂಟಿಲಿವರ್ ಸಹಜವಾಗಿ ಕಂಪಿಸುವ ಆವೃತ್ತಿ) ಮತ್ತು ಕ್ಯೂ (ಕಂಪನ ಎಷ್ಟು ನಿಧಾನವಾಗಿ ಅಡಗುತ್ತದೆ ಎಂಬ ಅಳತೆ) ಇವುಗಳ ಗುಣಲಬ್ಧದಿಂದ ಭಾಗಿಸಿ. ಬಂದದ್ದರ ವರ್ಗಮೂಲ ಎಷ್ಟು ಚಿಕ್ಕದೋ ಅಷ್ಟು ಸಣ್ಣ ಬಲ ಕೈಗೆ ಸಿಗುತ್ತದೆ. ಉದ್ದ ಇಮ್ಮಡಿ ಮಾಡಿದರೆ ಸ್ಥಿರಾಂಕ ಎಂಟನೇ ಒಂದಕ್ಕೆ ಇಳಿಯುತ್ತದೆ ನಿಜ, ಆದರೆ ಆವೃತ್ತಿಯೂ ಕಾಲುಭಾಗಕ್ಕೆ ಬಿದ್ದು ಸ್ಕ್ಯಾನ್ ನಿಧಾನವಾಗುತ್ತದೆ. ಉದ್ದ, ಅಗಲ, ದಪ್ಪ ಮೂರನ್ನೂ ಅರ್ಧ ಮಾಡಿದರೆ ಸ್ಥಿರಾಂಕ ಅರ್ಧ, ಆವೃತ್ತಿ ಇಮ್ಮಡಿ. ಕ್ಯೂ ಹಾಗೇ ಉಳಿದರೆ ಬಲದ ನಾಯ್ಸ್ ಅರ್ಧಕ್ಕಿಳಿಯುತ್ತದೆ. ದುಡ್ಡು ಹಾಕುವುದಾದರೆ ಇಂಥ ಪುಟ್ಟ ಕ್ಯಾಂಟಿಲಿವರಿಗೆ ಹಾಕಿ.

ಆರ್ಡರ್ ಕೊಡುವ ಮುಂಚೆ ನಿಮ್ಮ ಉಪಕರಣದಲ್ಲಿ ಕ್ಯಾಂಟಿಲಿವರಿನ ಬಾಗು ಅಳೆಯುವ ಲೇಸರ್ ಚುಕ್ಕೆಯ ಅಳತೆ ತಿಳಿದುಕೊಳ್ಳಿ. 30 ಮೈಕ್ರೋಮೀಟರಿನ ಚುಕ್ಕೆ 10 ಮೈಕ್ರೋಮೀಟರ್ ಅಗಲದ ಕ್ಯಾಂಟಿಲಿವರ್ ಮೇಲೆ ಬಿದ್ದರೆ, ಅಂಚಿನಾಚೆ ಚೆಲ್ಲಿದ ಬೆಳಕು ಸ್ಯಾಂಪಲ್ಲಿನಿಂದ ಮರಳಿ ಬಂದು ಫೋರ್ಸ್ ಕರ್ವಿನಲ್ಲಿ (ದೂರಕ್ಕೆ ತಕ್ಕಂತೆ ಬಲ ತೋರಿಸುವ ನಕ್ಷೆ) ಅಲೆ ಎಬ್ಬಿಸುತ್ತದೆ. 670 ನ್ಯಾನೊಮೀಟರ್ ಲೇಸರಾದರೆ ಅಲೆಯಿಂದ ಅಲೆಗೆ ಸುಮಾರು 335 ನ್ಯಾನೊಮೀಟರ್. ಅದನ್ನು ನಿಜವಾದ ಬಲವೆಂದು ಓದಬೇಡಿ.

ಪ್ರಶ್ನೆ: ಡಬ್ಬಿಯ ಮೇಲೆ ಬರೆದ ಸ್ಪ್ರಿಂಗ್ ಸ್ಥಿರಾಂಕವನ್ನು ನಂಬಬಹುದೇ?
– ಉಪನ್ಯಾಸಕರು, ಸಾಗರ

ಉತ್ತರ: ಚಿತ್ರ ತೆಗೆಯಲು ನಡೆಯುತ್ತದೆ, ಬಲ ಅಳೆಯಲು ಇಲ್ಲ. ದಪ್ಪ ಶೇ. 10 ಹೆಚ್ಚಿದ್ದರೆ ಸ್ಥಿರಾಂಕ ಶೇ. 33 ಏರಿರುತ್ತದೆ. ಮೊದಲು ಟಿಪ್ಪನ್ನು ಶುಚಿಯಾದ ಸಿಲಿಕಾನ್ ತುಂಡಿಗೆ ಒತ್ತಿ, ಲೇಸರ್ ಸಂವೇದಕದ ಒಂದು ವೋಲ್ಟಿಗೆ ಎಷ್ಟು ನ್ಯಾನೊಮೀಟರ್ ಬಾಗು ಎಂಬುದನ್ನು ಪಡೆಯಿರಿ. ಬಳಿಕ ಮೇಲೆತ್ತಿ ಥರ್ಮಲ್ ಟ್ಯೂನ್ (ಶಾಖದ ನಡುಕ ಅಳೆದು ಸ್ಥಿರಾಂಕ ಕಂಡುಹಿಡಿಯುವುದು) ಮಾಡಿ. ಮಧ್ಯೆ ಲೇಸರ್ ಸರಿಸಿದಿರೋ, ಮತ್ತೆ ಮೊದಲಿನಿಂದ ಶುರು ಮಾಡಬೇಕು.