ಕಡಿಮೆ ಖರ್ಚಿನಲ್ಲಿ ಆಯಿಲ್ ಪೇಂಟಿಂಗ್: ಎಲ್ಲಿ ಉಳಿಸಬಹುದು, ಎಲ್ಲಿ ಬೇಡ

ನಮಸ್ಕಾರ. ಸುರತ್ಕಲ್‌ನಿಂದ ಕೇಳಿದ್ದೀರಿ: ಈವರೆಗೆ ವಾಟರ್ ಕಲರ್ ಮಾತ್ರ ಗೊತ್ತು, ಆಯಿಲ್ ಶುರು ಮಾಡಲು 24 ಬಣ್ಣದ ಸೆಟ್, ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡ್) ಎಲ್ಲ ಬೇಕಾ, ಮಳೆಗಾಲದಲ್ಲಿ ಆಗುತ್ತಾ ಅಂತ. ಖಂಡಿತ ಆಗುತ್ತದೆ. ಸೆಟ್ ಬೇಡ, ಈಸೆಲ್ ಕೂಡ ಸದ್ಯಕ್ಕೆ ಬೇಡ.

ಬಿಡಿ ಟ್ಯೂಬ್ ನಾಲ್ಕು ತನ್ನಿ: ಟೈಟಾನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು), ಅಲ್ಟ್ರಾಮರೀನ್ ಬ್ಲೂ. ಕಲಿಯಲು ಕ್ಯಾಮೆಲ್ ಬ್ರ್ಯಾಂಡಿನ ಬಣ್ಣ ಧಾರಾಳ ಸಾಕು. ಬಿಳಿ ಮಾತ್ರ ದೊಡ್ಡ ಟ್ಯೂಬ್ ಇರಲಿ, ಮೊದಲು ಖಾಲಿಯಾಗುವುದು ಅದೇ. ಕಪ್ಪು ಕೊಳ್ಳಬೇಕಾಗಿಲ್ಲ. ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಕಲಸಿ ನೋಡಿ, ಗಾಢ ಕಪ್ಪು ಬರುತ್ತದೆ. ಅದಕ್ಕೆ ಚೂರು ಬಿಳಿ ಹಾಕಿದರೆ, ನೀಲಿ ಜಾಸ್ತಿ ಇದ್ದಲ್ಲಿ ಮಳೆಮೋಡದ ಬೂದು, ಕಂದು ಜಾಸ್ತಿ ಇದ್ದಲ್ಲಿ ಒದ್ದೆ ಮಣ್ಣಿನ ಬೂದು. ನಮ್ಮ ಮುರಕಲ್ಲಿನ ಗೋಡೆ, ಹಂಚಿನ ಮಾಡು ಎಲ್ಲ ಸಿಯೆನ್ನಾ ಮತ್ತು ಓಕರ್‌ನಲ್ಲೇ ಆಗುತ್ತದೆ. ಓಕರ್‌ಗೆ ನೀಲಿ ಸೇರಿಸಿದರೆ ಸಿಗುವ ಹಸಿರು ಸ್ವಲ್ಪ ಮಂಕು, ಆದರೆ ತೆಂಗಿನ ತೋಟಕ್ಕೆ ಅದೇ ಚಂದ.

ಬಣ್ಣ ಕಲಸುವ ಪ್ಯಾಲೆಟ್‌ಗೆ ಮನೆ ಕಟ್ಟುವಾಗ ಉಳಿದ ಬಿಳಿ ಟೈಲ್ಸ್ ಉಂಟಾದರೆ ಮುಗಿಯಿತು. ಕ್ಯಾನ್ವಾಸ್ ಬದಲು ದಪ್ಪ ಕಾರ್ಟ್ರಿಜ್ ಶೀಟಿಗೆ (ಡ್ರಾಯಿಂಗ್ ಕಾಗದ) ಅಕ್ರಿಲಿಕ್ ಜೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ, ಎರಡು ಕೋಟ್ ಕೊಡಿ, ಒಂದು ಉದ್ದಕ್ಕೆ, ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ಜೆಸ್ಸೊ ಇಲ್ಲದೆ ಬರೀ ಕಾಗದಕ್ಕೆ ಹಚ್ಚಿದರೆ ಅದು ಎಣ್ಣೆ ಹೀರಿ ವರ್ಷ ಕಳೆದಂತೆ ಪುಡಿಪುಡಿ ಆಗುತ್ತದೆ. ಬ್ರಷ್‌ಗೆ ಮಾತ್ರ ಕೈ ಬಿಗಿ ಮಾಡಬೇಡಿ. ಹಂದಿ ಕೂದಲಿನ ಒಳ್ಳೆಯ ಫ್ಲ್ಯಾಟ್ ಬ್ರಷ್ ಎರಡು ಸಾಕು. ಅಗ್ಗದ್ದು ಕೂದಲು ಉದುರಿಸುತ್ತದೆ, ಹಸಿ ಬಣ್ಣದಿಂದ ಅದನ್ನು ಹೆಕ್ಕುವುದರಲ್ಲೇ ಉಮೇದು ಹೋಗುತ್ತದೆ.

ಬಣ್ಣಕ್ಕೆ ತೆಂಗಿನೆಣ್ಣೆ ಕಲಸಬಹುದಲ್ವಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಬೇಡ ಮಾರಾಯ್ರೆ! ಆಯಿಲ್ ಬಣ್ಣ ನೀರಿನ ಹಾಗೆ ಆರಿಹೋಗುವುದಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ತೆಂಗಿನೆಣ್ಣೆಗೆ ಆ ಗುಣ ಇಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ಬ್ರಷ್‌ನಲ್ಲಿರುವ ಬಣ್ಣ ಬಿಡಿಸಲು ಬೇಕಾದರೆ ಬಳಸಿ. ಆಮೇಲೆ ಬಾರ್ ಸೋಪು ಹಚ್ಚಿ, ಅಂಗೈಯಲ್ಲಿ ತಿಕ್ಕಿ, ನೊರೆ ಬೆಳ್ಳಗಾಗುವ ತನಕ ತೊಳೆಯಿರಿ.

ಮೊದಲ ಪದರಕ್ಕೆ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳು ಮಾಡಿ, ಮೇಲಿನ ಪದರಗಳಿಗೆ ಅಗಸೆ ಎಣ್ಣೆ ಸ್ವಲ್ಪ ಜಾಸ್ತಿ. ತಿರುಗುಮುರುಗು ಮಾಡಿದರೆ ಮುಂದೆ ಬಿರುಕು ಬಿಡುತ್ತದೆ. ಕಿಟಕಿ ತೆರೆದೇ ಇರಲಿ. ಬಳಸಿದ ಟರ್ಪೆಂಟೈನ್ ಚೆಲ್ಲಬೇಡಿ. ಬಾಟಲಿಯಲ್ಲಿ ಇಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬಸಿದು ಮತ್ತೆ ಬಳಸಬಹುದು.

ಇದೊಂದು ಮರೆಯಬೇಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಬಾರದು. ಒಳಗೇ ಬಿಸಿಯಾಗಿ ತನ್ನಷ್ಟಕ್ಕೆ ಬೆಂಕಿ ಹಿಡಿಯಬಹುದು. ಹೊರಗೆ ಬಿಡಿಸಿ ಹರವಿ, ಮಳೆ ಇದ್ದರೆ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಣ್ಣ ನಿಧಾನ ಒಣಗುತ್ತದೆ, ಅವಸರ ಮಾಡಬೇಡಿ. ಚಿತ್ರವನ್ನು ಕಪಾಟಿನಲ್ಲಿ ಇಡಬೇಡಿ. ಬೂಸ್ಟು ಬರುತ್ತದೆ, ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಯೂ ಆಗುತ್ತದೆ. ಬೆಳಕು, ಗಾಳಿ ಇರುವ ಗೋಡೆಗೆ ಒರಗಿಸಿ. ಒಣಗುವ ತನಕ ಪುರುಸೊತ್ತಿದ್ದರೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ ಬನ್ನಿ. ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೇನಿ ಅಲ್ಲಿ ಫ್ರೆಸ್ಕೊ (ಹಸಿ ಗಾರೆಯ ಮೇಲೆ ಬಿಡಿಸುವ ಭಿತ್ತಿಚಿತ್ರ), ಕ್ಯಾನ್ವಾಸ್ ಮೇಲೆ ಆಯಿಲ್ ಎರಡನ್ನೂ ಮಾಡಿದ್ದಾರೆ. ನೆರಳಿನ ಜಾಗಗಳನ್ನು ಹತ್ತಿರದಿಂದ ಹೋಲಿಸಿ ನೋಡಿ.

ವಾರ್ನಿಷ್ ಈಗಲೇ ಕೊಳ್ಳಬೇಡಿ. ಮುಟ್ಟಿದರೆ ಒಣಗಿದೆ ಅನಿಸಿದರೂ ಸಾಮಾನ್ಯ ವಾರ್ನಿಷ್ ಹಚ್ಚಲು ಆರು ತಿಂಗಳಾದರೂ ಕಾಯಬೇಕು.